ಕೈ ಬದಲಾದ ಧ್ರುವ: ಬೆಂಗಳೂರಿನ ಒಂದು ವಿಡಿಯೊ ಗೇಮ್ ಸಂಸ್ಥೆಯ ಚರಿತ್ರೆ, ಕಾಶಿಯಿಂದ ಕಂಡಂತೆ

ಗೋದೌಲಿಯಾ ಚೌಕದಿಂದ ಸೋನಾರ್‌ಪುರದ ಕಡೆಗೆ ನಡೆದುಹೋದರೆ ದಾರಿಯಲ್ಲಿ ಜಂಗಮವಾಡಿ ಸಿಗುತ್ತದೆ. ಅಲ್ಲಿನ ಮಠದಿಂದಾಗಿ ಕನ್ನಡ ನಾಡಿನ ಯಾತ್ರಿಕರಿಗೆ ಆ ಹೆಸರು ಪರಿಚಿತ. ಅದರ ಮಗ್ಗುಲಲ್ಲೇ ಮದನಪುರ, ಕಾಶಿಯ ರೇಷ್ಮೆ ನೇಕಾರಿಕೆಯ ಹಳೆಯ ಮೊಹಲ್ಲಾಗಳಲ್ಲಿ ಒಂದು. ಅಲ್ಲಿನ ಮಗ್ಗಗಳಿಗೆ ಬರುವ ನೂಲಿನಲ್ಲಿ ನಮ್ಮ ಕಡೆಯದೂ ಇದೆ. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ಗೂಡು ನೂಲಾಗಿ, ಬೆಂಗಳೂರಿನ ವ್ಯಾಪಾರಿಗಳ ಕೈದಾಟಿ, ಗಂಗೆಯ ದಡಕ್ಕೆ ಬಂದು ಬನಾರಸಿ ಸೀರೆಯಾಗುತ್ತದೆ. ಈ ಊರಿನಲ್ಲಿ ನೆಲೆಸಿದ ಕನ್ನಡಿಗನಾದ ನನಗೆ ಮದನಪುರದ ಓಣಿಗಳಲ್ಲಿ ಓಡಾಡುವಾಗ ಒಂದು ಬಗೆಯ ಬಳಕೆಯ ಭಾವ ಉಂಟಾಗಲು ಈ ನೂಲೂ ಒಂದು ಕಾರಣವಿರಬಹುದು.

ಕೆಲವು ತಿಂಗಳ ಹಿಂದೆ ಪರಿಚಯದ ನೇಕಾರರೊಬ್ಬರ ಮನೆಯಲ್ಲಿ ಕುಳಿತಿದ್ದಾಗ ಅವರ ಕಿರಿಯ ಮಗ ತನ್ನ ಲ್ಯಾಪ್‌ಟಾಪನ್ನು ತಂದು ಮುಂದಿಟ್ಟ. ಅದರಲ್ಲಿ ಒಂದು ಹಳೆಯ ಹವೇಲಿಯ ಬಾಗಿಲು. ಮೂರು ಆಯಾಮದಲ್ಲಿ ತಿರುಗಿಸಿ ನೋಡಬಹುದಾದ, ಮರದ ಸೀಳು, ಕಬ್ಬಿಣದ ತುಕ್ಕು ಸಮೇತ ರಚಿಸಿದ ಮಾದರಿ. ಅವನೇ ಕಲಿತು ಮಾಡಿದ್ದು. ಅವನು ಕೇಳಿದ: "ಚಾಚಾ, ನೀವು ಬೆಂಗಳೂರಿನ ಕಡೆಯವರು. ಅಲ್ಲಿ ಗೇಮ್ ಮಾಡುವ ಕಂಪನಿಗಳಲ್ಲಿ ಯಾವುದು ಒಳ್ಳೆಯದು? ನಾನು ಸೇರಿದ ಮೇಲೂ ಉಳಿದಿರುವಂಥದ್ದು ಯಾವುದು?"

ಪ್ರಶ್ನೆಯ ಎರಡನೆಯ ಭಾಗ ನನ್ನನ್ನು ಕಾಡಿತು. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಸಂಬಳವನ್ನು ಕೇಳುವ ಮೊದಲು ಬಾಳಿಕೆಯನ್ನು ಕೇಳಿದ್ದ. ಅವನಿಗೆ ಅಂದೇ ಉತ್ತರ ಹೇಳಲಾಗಲಿಲ್ಲ. ಉತ್ತರಕ್ಕಾಗಿ ಹುಡುಕಿಕೊಂಡು ಹೋದಾಗ ಎದುರಾದದ್ದು ಒಂದು ಚರಿತ್ರೆ. ಅದರ ಒಂದು ತುದಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದರೆ ಇನ್ನೊಂದು ತುದಿ ಬೆಂಗಳೂರಿನಲ್ಲಿದೆ.

ಮೊದಲು ಕ್ಯಾಲಿಫೋರ್ನಿಯಾದ ತುದಿಯಿಂದ ಹೊರಡೋಣ. ನೋಲನ್ ಬುಷ್ನೆಲ್ ಮತ್ತು ಟೆಡ್ ಡ್ಯಾಬ್ನಿ ಎಂಬಿಬ್ಬರು 1972ರಲ್ಲಿ ಅಟಾರಿ ಎಂಬ ಸಂಸ್ಥೆಯನ್ನು ಕಟ್ಟಿದರು. ವಿಡಿಯೊ ಗೇಮ್ ಎಂಬುದನ್ನು ಒಂದು ಉದ್ಯಮವಾಗಿ ನಿಲ್ಲಿಸಿದ ಕೀರ್ತಿ ಬಹುಮಟ್ಟಿಗೆ ಅದಕ್ಕೆ ಸಲ್ಲುತ್ತದೆ. ಮನೆಯ ಟಿವಿಗೆ ಜೋಡಿಸಿ ಆಡುವ ಯಂತ್ರವನ್ನು ಮಾರುಕಟ್ಟೆಗೆ ತರಲು ದೊಡ್ಡ ಬಂಡವಾಳ ಬೇಕಾಗಿತ್ತು. ಅದಕ್ಕಾಗಿ 1976ರಲ್ಲಿ ಬುಷ್ನೆಲ್ ಸಂಸ್ಥೆಯನ್ನು ವಾರ್ನರ್ ಕಮ್ಯುನಿಕೇಷನ್ಸ್‌ಗೆ 2.8 ಕೋಟಿ ಡಾಲರ್‌ಗೆ ಮಾರಿದರು. ಈ ಉದ್ಯಮದ ಮೊದಲ ದೊಡ್ಡ ಸ್ವಾಧೀನ ಇದು. ಸುಮಾರು ಎರಡು ವರ್ಷಗಳ ಬಳಿಕ ಬುಷ್ನೆಲ್ ಹೊರಬಿದ್ದರು. ಅವರ ಬಳಿಕ ಮುಖ್ಯಸ್ಥರಾದ ರೇ ಕಸ್ಸಾರ್ ಅವರು ಬಂದದ್ದು ಬರ್ಲಿಂಗ್‌ಟನ್ ಇಂಡಸ್ಟ್ರೀಸ್ ಎಂಬ ಬಟ್ಟೆಯ ಉದ್ಯಮದಿಂದ.

ಆಗ ಒಂದೊಂದು ಆಟವನ್ನೂ ಒಬ್ಬೊಬ್ಬ ಪ್ರೋಗ್ರಾಮರ್ ಏಕಾಂಗಿಯಾಗಿ ರಚಿಸುತ್ತಿದ್ದ. ಆದರೆ ಡಬ್ಬಿಯ ಮೇಲಾಗಲಿ, ಪರದೆಯ ಮೇಲಾಗಲಿ ಅವನ ಹೆಸರಿರುತ್ತಿರಲಿಲ್ಲ. ತಮ್ಮ ಹೆಸರು ಬರಬೇಕು, ಲಾಭದಲ್ಲಿ ಪಾಲು ಸಿಗಬೇಕು ಎಂದು ನಾಲ್ವರು ಪ್ರೋಗ್ರಾಮರುಗಳು ಕಸ್ಸಾರ್ ಅವರ ಬಳಿ ಹೋದರು. ಅವರಲ್ಲೊಬ್ಬರಾದ ಡೇವಿಡ್ ಕ್ರೇನ್ ಮುಂದೆ ನೆನಪಿಸಿಕೊಂಡಂತೆ, ಕಸ್ಸಾರ್ ಅವರನ್ನು ಟವೆಲಿಗೆ ವಿನ್ಯಾಸ ಬರೆಯುವವರಿಗೆ ಹೋಲಿಸಿದರು. ಬಟ್ಟೆಯ ಜಗತ್ತಿನಿಂದ ಬಂದ ಮನುಷ್ಯನಿಗೆ ಆ ಹೋಲಿಕೆ ಸಹಜವೇ ಆಗಿತ್ತು. ಟವೆಲಿನ ಅಂಚಿನಲ್ಲಿ ವಿನ್ಯಾಸಕಾರನ ಹೆಸರನ್ನು ಹುಡುಕುವವರು ಯಾರು?

ಆ ನಾಲ್ವರು 1979ರಲ್ಲಿ ಹೊರಬಂದು ಜಿಮ್ ಲೆವಿ ಎಂಬವರೊಂದಿಗೆ ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಯಂತ್ರವನ್ನು ತಯಾರಿಸದೆ, ಬೇರೊಬ್ಬರ ಯಂತ್ರಕ್ಕೆ ಆಟಗಳನ್ನಷ್ಟೇ ರಚಿಸಿ ಮಾರುವ ಮೊದಲ ಸಂಸ್ಥೆ ಅದು. ಅದರ ಆಟಗಳ ಜೊತೆ ಬರುತ್ತಿದ್ದ ಪುಸ್ತಿಕೆಯಲ್ಲಿ ರಚಿಸಿದವನ ಹೆಸರೂ ಚಿತ್ರವೂ ಇರುತ್ತಿದ್ದವು. ಹೆಸರಿಗಾಗಿ ಹುಟ್ಟಿದ ಸಂಸ್ಥೆ ಎಂದು ಅದನ್ನು ಕರೆದರೆ ತಪ್ಪಾಗದು.

ಅಟಾರಿಯಲ್ಲೇ ಇದ್ದ ವಾರೆನ್ ರಾಬಿನೆಟ್ ಮಾತ್ರ ಬೇರೊಂದು ದಾರಿ ಹಿಡಿದ. ಅವನು ರಚಿಸಿದ 'ಅಡ್ವೆಂಚರ್' ಎಂಬ ಆಟದಲ್ಲಿ ಯಾರ ಕಣ್ಣಿಗೂ ಬೀಳದ ಒಂದೇ ಒಂದು ಚುಕ್ಕೆಯನ್ನಿಟ್ಟ. ಅದನ್ನು ಎತ್ತಿಕೊಂಡು ಸರಿಯಾದ ಗೋಡೆಯ ಬಳಿ ಹೋದವನಿಗೆ ಒಂದು ಗುಪ್ತ ಕೋಣೆ ತೆರೆದುಕೊಳ್ಳುತ್ತಿತ್ತು. ಅದರೊಳಗೆ ಈ ಆಟವನ್ನು ರಚಿಸಿದವನು ವಾರೆನ್ ರಾಬಿನೆಟ್ ಎಂಬ ಬರಹ. ಒಬ್ಬ ಹುಡುಗ ಅದನ್ನು ಕಂಡುಹಿಡಿದು ಅಟಾರಿಗೆ ಪತ್ರ ಬರೆಯುವ ಹೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ಆಟಗಳಲ್ಲಿ ಹುದುಗಿಸಿಡುವ ಇಂಥ ಗುಟ್ಟುಗಳಿಗೆ ಈಸ್ಟರ್ ಮೊಟ್ಟೆ ಎಂಬ ಹೆಸರು ಬಳಕೆಗೆ ಬಂದದ್ದು ಆ ಬಳಿಕವೇ. ಇಂದು ಅದೊಂದು ವಿನೋದದ ಸಂಗತಿ. ಅದರ ಹುಟ್ಟಿನಲ್ಲಿ ಮಾತ್ರ ಹೆಸರು ಕಳೆದುಕೊಂಡವನ ಸಂಕಟವಿದೆ.

ಅಟಾರಿಯ ಮುಂದಿನ ಕಥೆ ದುಃಖದ್ದು. 1983ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿಯಿತು. ಅಟಾರಿ ಆ ಒಂದೇ ವರ್ಷ 50 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಮಾಡಿಕೊಂಡಿತು. 1984ರಲ್ಲಿ ವಾರ್ನರ್ ಅದನ್ನು ಹೋಳು ಮಾಡಿ, ಮನೆಯ ಯಂತ್ರಗಳ ವಿಭಾಗವನ್ನು ಜ್ಯಾಕ್ ಟ್ರಾಮಿಯೆಲ್ ಎಂಬ ಉದ್ಯಮಿಗೆ ಮಾರಿತು. ಅಲ್ಲಿಂದ ಮುಂದೆ ಆ ಹೆಸರು ಕೈಯಿಂದ ಕೈಗೆ ದಾಟುತ್ತ ಹೋಯಿತು. 2001ರಲ್ಲಿ ಇನ್ಫೋಗ್ರಾಮ್ಸ್ ಎಂಬ ಫ್ರೆಂಚ್ ಸಂಸ್ಥೆ ಹ್ಯಾಸ್‌ಬ್ರೊ ಇಂಟರ್ಯಾಕ್ಟಿವ್ ಅನ್ನು ಕೊಂಡುಕೊಂಡಾಗ ಅದರೊಂದಿಗೆ ಅಟಾರಿ ಎಂಬ ಹೆಸರೂ ದೊರೆಯಿತು. ಕಾಲಾನಂತರ ಇನ್ಫೋಗ್ರಾಮ್ಸ್ ತನ್ನ ಹೆಸರನ್ನೇ ಕಳಚಿಟ್ಟು ಅಟಾರಿ ಎಂಬ ಹೆಸರನ್ನು ತೊಟ್ಟುಕೊಂಡಿತು. ಕೊಂಡವನೇ ಕೊಂಡ ವಸ್ತುವಿನ ವೇಷ ಧರಿಸಿದ ವಿಚಿತ್ರ ಪ್ರಸಂಗವಿದು. ಓದುಗರು ಇನ್ಫೋಗ್ರಾಮ್ಸ್ ಎಂಬ ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಬೆಂಗಳೂರಿನ ಕಥೆ ಆರಂಭವಾಗುವುದು ಅದರಿಂದಲೇ.

ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದು 1997ರಲ್ಲಿ. ಭಾರತದಲ್ಲಿ ವಿಡಿಯೊ ಗೇಮ್ ರಚನೆಯನ್ನೇ ಕಸುಬಾಗಿ ಹಿಡಿದ ಮೊದಲ ಸಂಸ್ಥೆಗಳಲ್ಲಿ ಅದು ಒಂದು. ನಗರದ ಸಾಫ್ಟ್‌ವೇರ್ ಕಂಪನಿಗಳು ಅಮೆರಿಕದ ಬ್ಯಾಂಕುಗಳ ಲೆಕ್ಕಪತ್ರದ ಪ್ರೋಗ್ರಾಮುಗಳನ್ನು ತಿದ್ದುತ್ತಿದ್ದ ದಿನಗಳವು. ಆಟ ರಚಿಸುವುದೂ ಒಂದು ಉದ್ಯೋಗವೆಂದರೆ ಮನೆಯ ಹಿರಿಯರು ನಂಬದಿದ್ದ ಕಾಲ. ಧ್ರುವಕ್ಕೆ ಸಿಕ್ಕ ಮೊದಲ ದೊಡ್ಡ ಹೊರದೇಶದ ಕೆಲಸ ಇನ್ಫೋಗ್ರಾಮ್ಸ್‌ನದು: 'ಮಿಷನ್ ಇಂಪಾಸಿಬಲ್' ಚಲನಚಿತ್ರವನ್ನು ಆಧರಿಸಿದ ಆಟದ ಕಂಪ್ಯೂಟರ್ ಆವೃತ್ತಿಯ ಕೆಲಸ. ಥಾಮಸ್ ಫ್ರೀಡ್‌ಮನ್ 2005ರಲ್ಲಿ ಪ್ರಕಟಿಸಿದ 'ದಿ ವರ್ಲ್ಡ್ ಈಸ್ ಫ್ಲಾಟ್' ಪುಸ್ತಕದಲ್ಲಿ ರಾವ್ ಅವರ ಪ್ರಸ್ತಾಪ ವಿಸ್ತಾರವಾಗಿಯೇ ಬರುತ್ತದೆ. ಮೊಬೈಲ್ ಆಟಗಳಿಗಾಗಿ ಚಾರ್ಲಿ ಚಾಪ್ಲಿನ್ನನ ರೂಪವನ್ನು ಬಳಸುವ ಹಕ್ಕನ್ನು ಈ ಬೆಂಗಳೂರಿನ ಸಂಸ್ಥೆ ಕೊಂಡಿತ್ತೆಂಬುದು ಆ ಪ್ರಸ್ತಾಪದ ಒಂದು ಮುಖ್ಯ ಅಂಶ. ತನ್ನದೇ ಎನ್ನಬಹುದಾದ ಆಟಗಳನ್ನು ಮಾಡಬೇಕೆಂಬ ಹಂಬಲ ಧ್ರುವಕ್ಕೆ ಇತ್ತೆನ್ನಲು ಅದೊಂದು ಸಾಕ್ಷಿ.

ಆದರೆ ಸಂಸ್ಥೆಯ ಅನ್ನ ಹುಟ್ಟಿದ್ದು ಬೇರೆ ಕಡೆ. 2005ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360, ಮರುವರ್ಷ ಸೋನಿಯ ಪ್ಲೇಸ್ಟೇಷನ್ 3 ಬಂದವು. ಪರದೆಯ ಚಿತ್ರ ಸ್ಪಷ್ಟವಾದಷ್ಟೂ ಚಿತ್ರಿಸಬೇಕಾದ ವಿವರ ಹೆಚ್ಚಿತು. ಹಿಂದೆ ಒಂದು ಮರವನ್ನು ಹತ್ತಾರು ರೇಖೆಗಳಲ್ಲಿ ಮುಗಿಸಿದ ಕಲಾವಿದ ಈಗ ಅದರ ತೊಗಟೆಯ ಬಿರುಕನ್ನೂ ಎಲೆಯ ಹಿಂಬದಿಯನ್ನೂ ರಚಿಸಬೇಕಾಯಿತು. ಒಂದು ಕಾರೆಂದರೆ ಹೊರಮೈ ಮಾತ್ರವಲ್ಲ. ಒಳಗಿನ ಗಡಿಯಾರ, ಚರ್ಮದ ಹೊಲಿಗೆ, ಚಕ್ರದ ಬೋಲ್ಟು. ಪಶ್ಚಿಮದ ಸಂಸ್ಥೆಗಳಿಗೆ ಇಷ್ಟು ಕೆಲಸಕ್ಕೆ ತಮ್ಮ ಊರಿನಲ್ಲಿ ಕೈಗಳು ಸಾಲಲಿಲ್ಲ, ಸಿಕ್ಕ ಕೈಗಳಿಗೆ ಕೊಡುವ ಸಂಬಳ ಪೂರೈಸಲಿಲ್ಲ. ಆ ಕೆಲಸ ಶಾಂಘಾಯ್‌ಗೆ, ಮನಿಲಾಗೆ, ಬೆಂಗಳೂರಿಗೆ ಹರಿಯಿತು. ಧ್ರುವದ ಕಲಾವಿದರು ಮೈಕ್ರೋಸಾಫ್ಟ್‌ನ 'ಫೋರ್ಜಾ' ಎಂಬ ಕಾರ್ ಪಂದ್ಯದ ಆಟಗಳಿಗೆ, ಮುಂದೆ 'ಸೀ ಆಫ್ ಥೀವ್ಸ್', 'ಡೇಸ್ ಗಾನ್' ಮುಂತಾದ ಹೆಸರಾಂತ ಆಟಗಳಿಗೆ ಕೆಲಸ ಮಾಡಿದರು. ಜಗತ್ತಿನ ಲಕ್ಷಾಂತರ ಮನೆಗಳ ಪರದೆಗಳಲ್ಲಿ ಬೆಂಗಳೂರಿನ ಕೈಗೆಲಸ ಓಡಾಡಿತು. ಆಡುತ್ತಿದ್ದವರಿಗೆ ಬೆಂಗಳೂರು ನೆನಪಾಗುವ ಕಾರಣವಿರಲಿಲ್ಲ.

ಇಲ್ಲಿ ನನಗೆ ಕಾಶಿಯ ವ್ಯವಸ್ಥೆ ಕಣ್ಣಿಗೆ ಕಟ್ಟುತ್ತದೆ. ಬನಾರಸಿ ಸೀರೆಯ ವಿನ್ಯಾಸ ಮೊದಲು ಚೌಕುಳಿ ಕಾಗದದ ಮೇಲೆ ನಕ್ಷೆಯಾಗುತ್ತದೆ. ಆ ನಕ್ಷೆಗೆ ತಕ್ಕಂತೆ ರಟ್ಟಿನ ಪಟ್ಟಿಗಳಲ್ಲಿ ರಂಧ್ರ ಕೊರೆದು ಜಕಾರ್ಡ್ ಮಗ್ಗದ ನೆತ್ತಿಯಲ್ಲಿ ತೂಗುಹಾಕುತ್ತಾರೆ. ಕಂಪ್ಯೂಟರಿಗೆ ಮಾಹಿತಿ ಉಣಿಸುತ್ತಿದ್ದ ರಂಧ್ರಪಟ್ಟಿಗಳ ಪೂರ್ವಜ ಈ ಪಟ್ಟಿಯೇ. ನೇಕಾರನಿಗೆ ನೂಲನ್ನೂ ನಕ್ಷೆಯನ್ನೂ ಕೊಟ್ಟು ನೇಯಿಸುವವನು ಗಿರಸ್ತ. ಅವನಿಂದ ಸೀರೆ ಕೊಳ್ಳುವವನು ಚೌಕಿನ ಗಲ್ಲಿಗಳಲ್ಲಿ ಬಿಳಿಯ ಹಾಸಿನ ಮೇಲೆ ಕುಳಿತ ಗದ್ದಿದಾರ. ಅಂಗಡಿಯಿಂದ ಹೊರಡುವ ಸೀರೆಯ ಪೆಟ್ಟಿಗೆಯ ಮೇಲೆ ಗದ್ದಿಯ ಹೆಸರಿರುತ್ತದೆ. 2009ರಲ್ಲಿ ಬನಾರಸಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಬಂತು. ನೇಯ್ದವನ ಹೆಸರು ಅಂದೂ ಸೀರೆಯ ಮೇಲಿರಲಿಲ್ಲ, ಇಂದೂ ಇಲ್ಲ.

ಧ್ರುವದ ಸ್ಥಿತಿಯೂ ಇದಕ್ಕೆ ದೂರದ್ದಲ್ಲ. ಆಟದ ಕಲ್ಪನೆ ಬೇರೆಯವರದು, ಹಕ್ಕು ಬೇರೆಯವರದು, ಮಾರಾಟದ ಲಾಭ ಬೇರೆಯವರದು. ಗಂಟೆಗೆ ಇಷ್ಟು, ಮಾದರಿಗೆ ಇಷ್ಟು ಎಂಬ ಕೂಲಿ ಇವರದು. ಈ ಕಸುಬಿನಲ್ಲಿ ಗೋಪ್ಯತೆಯ ಕರಾರೂ ರೂಢಿಯದೇ. ಆಟ ಬಿಡುಗಡೆಯಾಗುವ ತನಕ, ಎಷ್ಟೋ ಸಲ ಆಮೇಲೂ, ತಾನು ಯಾವ ಆಟಕ್ಕೆ ಯಾವ ಬಾಗಿಲನ್ನು ರಚಿಸಿದೆನೆಂದು ಕಲಾವಿದ ಹೇಳಿಕೊಳ್ಳುವಂತಿಲ್ಲ.

ಇಂಥ ಸಂಸ್ಥೆಯನ್ನು ಕೊಳ್ಳುವವನು ಏನನ್ನು ಕೊಳ್ಳುತ್ತಾನೆ? ಧ್ರುವದ ಮಾರಾಟದಲ್ಲಿ ಇದಕ್ಕೆ ಉತ್ತರವಿದೆ. 2016ರ ಕೊನೆಯಲ್ಲಿ ಸ್ಟಾಕ್‌ಹೋಮಿನ ಸ್ಟಾರ್‌ಬ್ರೀಜ್ ಎಂಬ ಸಂಸ್ಥೆ ಧ್ರುವದ ಬಹುಪಾಲು ಷೇರುಗಳನ್ನು ಕೊಳ್ಳುವುದಾಗಿ ಪ್ರಕಟಿಸಿತು. 2013ರ 'ಪೇಡೇ 2' ಆಟದ ಯಶಸ್ಸಿನ ಮೇಲೆ ನಿಂತಿದ್ದ ಸ್ಟಾರ್‌ಬ್ರೀಜ್, ದೊಡ್ಡ ಆಟಗಳನ್ನು ಕಟ್ಟಲು ಹೊರಟಿತ್ತು. ಅದಕ್ಕೆ ನುರಿತ ಕೈಗಳು ಬೇಕಿದ್ದವು. ಆದರೆ 2018ರ ನವೆಂಬರಿನಲ್ಲಿ ಬಂದ ಅದರ 'ವಾಕಿಂಗ್ ಡೆಡ್' ಆಟ ಮುಗ್ಗರಿಸಿತು. ಡಿಸೆಂಬರಿನಲ್ಲೇ ಸ್ಟಾರ್‌ಬ್ರೀಜ್ ಸಾಲಗಾರರಿಂದ ರಕ್ಷಣೆ ಕೋರಿ ಸ್ವೀಡನ್ನಿನ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಮುಳುಗುವ ದೋಣಿಯಿಂದ ಭಾರ ಇಳಿಸಬೇಕಾದಾಗ ಮಾರಲು ಸುಲಭವಾದದ್ದು ಧ್ರುವ. 2019ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ರಾಕ್‌ಸ್ಟಾರ್ ಗೇಮ್ಸ್ 79 ಲಕ್ಷ ಡಾಲರ್‌ಗೆ ಆ ಪಾಲನ್ನು ಕೊಂಡಿತು. 'ಗ್ರ್ಯಾಂಡ್ ಥೆಫ್ಟ್ ಆಟೊ' ಸರಣಿಯ ಈ ಸಂಸ್ಥೆ ಟೇಕ್-ಟೂ ಎಂಬ ಕಂಪನಿಯ ಅಂಗ. 2016ರಿಂದಲೇ ಬೆಂಗಳೂರಿನಲ್ಲಿ ರಾಕ್‌ಸ್ಟಾರ್ ಇಂಡಿಯಾ ಎಂಬ ಶಾಖೆ ಅದಕ್ಕಿತ್ತು. ಧ್ರುವದ ಮುನ್ನೂರಕ್ಕೂ ಹೆಚ್ಚು ಮಂದಿ ಅದರಲ್ಲಿ ಸೇರಿಹೋದರು. 22 ವರ್ಷ ಬಾಳಿದ ಧ್ರುವ ಎಂಬ ಹೆಸರು ಫಲಕದಿಂದ ಇಳಿಯಿತು.

ಬೆಂಗಳೂರಿನ ಸಂಸ್ಥೆಯೊಂದರ ಹಣೆಬರಹ ಸ್ಟಾಕ್‌ಹೋಮಿನಲ್ಲಿ ಸೋತ ಆಟವೊಂದರಿಂದ ಬದಲಾಯಿತೆಂಬುದನ್ನು ಗಮನಿಸಬೇಕು. ಆ ಸೋಲಿನ ಹೊಣೆ ಇಲ್ಲಿನವರದಾಗಿರಲಿಲ್ಲ. ಸ್ವಾಧೀನದ ಸ್ವಭಾವವೇ ಹೀಗೆ. ಕೊಂಡವನ ಬಲ ನಮ್ಮದಾಗುವಂತೆ ಅವನ ಸಾಲವೂ ನಮ್ಮ ಬಾಗಿಲಿಗೆ ಬರುತ್ತದೆ.

ಇದು ಧ್ರುವದ ಒಂದರ ಕಥೆಯೂ ಅಲ್ಲ. 1999ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಇಂಡಿಯಾಗೇಮ್ಸ್ ಮೊದಲು ಚೀನಾದ ಟಾಮ್ ಆನ್‌ಲೈನ್, ಆಮೇಲೆ ಯುಟಿವಿ, ಕಡೆಗೆ ಡಿಸ್ನಿಯ ಕೈಸೇರಿ ಕಣ್ಮರೆಯಾಯಿತು. ಪುಣೆಯ ಗೇಮ್‌ಲಾಫ್ಟ್ ಶಾಖೆಯನ್ನು 2008ರಲ್ಲಿ ಯೂಬಿಸಾಫ್ಟ್ ಪಡೆಯಿತು. 2010ರಲ್ಲಿ ಬೆಂಗಳೂರಿಗೆ ಬಂದ ಝಿಂಗಾವನ್ನು 2022ರಲ್ಲಿ ಟೇಕ್-ಟೂ ಸುಮಾರು 1,270 ಕೋಟಿ ಡಾಲರ್ ಮೌಲ್ಯದ ಒಪ್ಪಂದದಲ್ಲಿ ನುಂಗಿತು. ಹೀಗಾಗಿ ಒಂದೇ ನಗರದ ಎರಡು ಬೇರೆ ಬೇರೆ ಕಚೇರಿಗಳ ಯಜಮಾನ ಸದ್ದಿಲ್ಲದೆ ಒಬ್ಬನೇ ಆದ.

ಈ ಒಗ್ಗೂಡುವಿಕೆಗೆ ಕಾರಣಗಳು ಅಸ್ಪಷ್ಟವಲ್ಲ. ಒಂದು ದೊಡ್ಡ ಆಟಕ್ಕೆ ಇಂದು ಕೋಟ್ಯಂತರ ಡಾಲರ್ ಬಂಡವಾಳವೂ ಐದಾರು ವರ್ಷಗಳ ಕಾಲವೂ ಬೇಕು. ಒಂದು ಸೋತರೆ ತಡೆದುಕೊಳ್ಳಲು ಹತ್ತು ಗೆದ್ದಿರಬೇಕು. ಅದು ದೊಡ್ಡವರಿಗೆ ಮಾತ್ರ ಸಾಧ್ಯ. ತಿಂಗಳ ಚಂದಾ ಕಟ್ಟಿ ನೂರಾರು ಆಟಗಳನ್ನು ಆಡುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2017ರಲ್ಲಿ ಆರಂಭಿಸಿತು. ಅಂಥ ಉಗ್ರಾಣ ತುಂಬಲು ಆಟ ರಚಿಸುವುದಕ್ಕಿಂತ ಆಟ ರಚಿಸುವವರನ್ನೇ ಕೊಳ್ಳುವುದು ವೇಗದ ದಾರಿ. ಕೋವಿಡ್ ಕಾಲದಲ್ಲಿ ಜನ ಮನೆಯಲ್ಲಿ ಕುಳಿತು ಆಡಿದರು, ಬಡ್ಡಿಯೂ ಅಗ್ಗವಾಗಿತ್ತು. ಕೊಳ್ಳುವಿಕೆ ಮುಗಿಲು ಮುಟ್ಟಿತು. 2022ರ ಬಳಿಕ ಬಡ್ಡಿ ಏರಿದಾಗ ಕೊಂಡವರು ಲೆಕ್ಕ ನೋಡತೊಡಗಿದರು. ಸ್ವೀಡನ್ನಿನ ಇನ್ನೊಂದು ಸಂಸ್ಥೆ ಎಂಬ್ರೇಸರ್ ಹತ್ತಾರು ಸ್ಟುಡಿಯೊಗಳನ್ನು ಕೊಂಡು, 2023ರಲ್ಲಿ ನಿರೀಕ್ಷಿಸಿದ್ದ 200 ಕೋಟಿ ಡಾಲರ್‌ಗಳ ಒಪ್ಪಂದ ಮುರಿದುಬಿದ್ದಾಗ, ಅವುಗಳಲ್ಲಿ ಹಲವನ್ನು ಮುಚ್ಚಿತು, ಮಾರಿತು.

ಹೆಸರಿಗಾಗಿ ಹುಟ್ಟಿದ ಆಕ್ಟಿವಿಷನ್ ಏನಾಯಿತು? ಅದು ಬೆಳೆಯಿತು, ಇತರರನ್ನು ಕೊಂಡಿತು, 2008ರಲ್ಲಿ ಆಕ್ಟಿವಿಷನ್ ಬ್ಲಿಜರ್ಡ್ ಎಂಬ ದೈತ್ಯವಾಯಿತು. 2023ರ ಅಕ್ಟೋಬರ್ 13ರಂದು ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಘೋಷಿತ ಮೌಲ್ಯ 6,870 ಕೋಟಿ ಡಾಲರ್. ಆ ತನಕ ಈ ಉದ್ಯಮ ಕಂಡ ಸ್ವಾಧೀನಗಳಲ್ಲೇ ದೊಡ್ಡದು. ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ಮೊದಲು ತಡೆದು, ಮೋಡದ ಮೂಲಕ ಆಟಗಳನ್ನು ಒದಗಿಸುವ ಹಕ್ಕನ್ನು ಯೂಬಿಸಾಫ್ಟ್‌ಗೆ ಬಿಟ್ಟುಕೊಟ್ಟ ಮೇಲೆ ಒಪ್ಪಿದರು. ಮೂರು ತಿಂಗಳು ಕಳೆದು, 2024ರ ಜನವರಿಯಲ್ಲಿ, ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದ 1,900 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ತಿಳಿಸಿತು. 2025ರ ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನು 5,500 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದವನ್ನು ಸೌದಿ ಅರೇಬಿಯಾದ ಸಾರ್ವಜನಿಕ ನಿಧಿಯೂ ಅದರ ಜೊತೆಗಾರರೂ ಘೋಷಿಸಿದರು.

ಹಾಗಾದರೆ ಹಕ್ಕು ತನ್ನದಾಗಿದ್ದರೂ ಸಂಸ್ಥೆ ಉಳಿಯುವುದಿಲ್ಲ, ಇಲ್ಲದಿದ್ದರೂ ಉಳಿಯುವುದಿಲ್ಲ. ವ್ಯತ್ಯಾಸ ಎಲ್ಲಿದೆ? ನನಗೆ ಕಂಡ ಮಟ್ಟಿಗೆ ಅದು ಹೋದ ಮೇಲೆ ಏನು ಉಳಿಯುತ್ತದೆ ಎಂಬುದರಲ್ಲಿದೆ. ಆಕ್ಟಿವಿಷನ್‌ನ ಯಜಮಾನ ಬದಲಾದರೂ ಡೇವಿಡ್ ಕ್ರೇನ್ 1982ರಲ್ಲಿ ರಚಿಸಿದ 'ಪಿಟ್‌ಫಾಲ್' ಅವನ ಹೆಸರಿನಲ್ಲೇ ಚರಿತ್ರೆಯಲ್ಲಿದೆ. ಧ್ರುವದ ಕಲಾವಿದರು ರಚಿಸಿದ ಸಾವಿರಾರು ಕಾರು, ಮರ, ಗೋಡೆಗಳು ಇಂದಿಗೂ ಪರದೆಗಳಲ್ಲಿ ಜೀವಂತ. ಅವನ್ನು ಧ್ರುವದವೆಂದು ಗುರುತಿಸುವ ದಾರಿಯಿಲ್ಲ. ಹಕ್ಕಿಲ್ಲದ ಸಂಸ್ಥೆ ಮಾರಾಟವಾದಾಗ ಬೆಲೆ ಬರುವುದು ಕೈಗಳಿಗೆ. ಕೈಗಳು ಹೊಸ ಯಜಮಾನನ ಬಳಿ ಹೋದ ಮೇಲೆ ಹಳೆಯ ಮನೆಯಲ್ಲಿ ನೆನಪಿಗೂ ಒಂದು ವಸ್ತು ಉಳಿಯದು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಧ್ರುವ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಈ ವಿದ್ಯೆ ಇಷ್ಟು ಬೇಗ ಬೇರೂರುತ್ತಿರಲಿಲ್ಲ. ಒಂದು ತಲೆಮಾರಿನ ಕಲಾವಿದರಿಗೆ ಅದು ಗುರುಕುಲವಾಗಿತ್ತು. 2012ರಲ್ಲಿ ಕರ್ನಾಟಕ ಸರ್ಕಾರ ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ರೂಪಿಸುವ ವೇಳೆಗೆ ನೆಲ ಹದವಾಗಿದ್ದರೆ ಅದರಲ್ಲಿ ಇಂಥ ಮೊದಲಿಗರ ದುಡಿಮೆಯಿದೆ. ಹೊಸ ಯಜಮಾನನ ಬಳಿ ಸಂಬಳವೂ ಕೆಲಸದ ಗಾತ್ರವೂ ಹಿರಿದೇ. ಕೂಲಿಗೆ ನೇಯ್ದದ್ದೂ ನೇಯ್ಗೆಯೇ. ಅದನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ.

ಕಾಶೀಖಂಡದಲ್ಲಿ ಧ್ರುವನ ಕಥೆ ಬರುತ್ತದೆ; ಅವನು ಸ್ಥಾಪಿಸಿದನೆಂದು ನಂಬುವ ಧ್ರುವೇಶ್ವರ ಲಿಂಗವೂ ಈ ಊರಿನಲ್ಲಿದೆ. ತಂದೆಯ ತೊಡೆಯಿಂದ ಇಳಿಸಲ್ಪಟ್ಟ ಮಗು ಯಾರೂ ಕದಲಿಸಲಾಗದ ಸ್ಥಾನವನ್ನು ಬೇಡಿ ಪಡೆದ ಕಥೆ ಅದು. ಆ ಹೆಸರನ್ನಿಟ್ಟುಕೊಂಡ ಸಂಸ್ಥೆಗೆ ಅಂಥ ಸ್ಥಾನ ದಕ್ಕಲಿಲ್ಲ. ಮೂರು ವರ್ಷ ತುಂಬುವ ಮೊದಲೇ ಅದನ್ನು ಎರಡು ತೊಡೆಗಳಿಂದ ಇಳಿಸಲಾಯಿತು.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಉಳಿಯುವ ಕಂಪನಿ ಯಾವುದೆಂದು ಯಾರೂ ಹೇಳಲಾರರು. ಬೆಂಗಳೂರಿಗೆ ಹೋಗು, ದೊಡ್ಡವರ ಬಳಿಯೇ ಕಲಿ. ಕರಾರಿಗೆ ಸಹಿ ಹಾಕುವ ಮೊದಲು ಎರಡು ಸಂಗತಿ ಕೇಳಿಕೋ: ಆಟದ ಕೊನೆಯ ಪಟ್ಟಿಯಲ್ಲಿ ನನ್ನ ಹೆಸರು ಬರುತ್ತದೆಯೇ, ಮಧ್ಯದಲ್ಲಿ ಕೆಲಸ ಬಿಟ್ಟರೂ ಬರುತ್ತದೆಯೇ? 2018ರಲ್ಲಿ 'ರೆಡ್ ಡೆಡ್ ರಿಡೆಂಪ್ಷನ್ 2' ಬಿಡುಗಡೆಯಾದಾಗ, ಮೊದಲೇ ಬಿಟ್ಟುಹೋದವರನ್ನು ಆ ಪಟ್ಟಿಯಿಂದ ಕೈಬಿಡುವ ರಾಕ್‌ಸ್ಟಾರ್‌ನ ಪದ್ಧತಿ ಟೀಕೆಗೊಳಗಾಯಿತು. ಅವರ ಹೆಸರುಗಳಿಗೆ ಸಂಸ್ಥೆಯ ಜಾಲತಾಣದಲ್ಲಿ ಬೇರೆ ಸ್ಥಳ ಕೊಡಲಾಯಿತು. ಕೇಳಿದರೆ ಕೆಲವೊಮ್ಮೆ ಸಿಗುತ್ತದೆ. ಮತ್ತೆ ರಾತ್ರಿಯ ಹೊತ್ತು, ಚಿಕ್ಕದಾದರೂ ಸರಿ, ನಿನ್ನದೇ ಒಂದು ಆಟವನ್ನು ಮಾಡುತ್ತಿರು. ಈ ಹವೇಲಿಯ ಬಾಗಿಲನ್ನು ಯಾರಿಗೂ ಕೊಡಬೇಡ.

ಮಗ್ಗದ ಮೇಲಿದ್ದ ಅವನ ತಂದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು: "ಪಂಡಿತ್‌ಜೀ, ಸೀರೆಯನ್ನು ತಿರುಗಿಸಿ ಹಿಂಬದಿಯ ದಾರ ನೋಡಿದರೆ ಯಾರ ಕೈ ಎಂದು ನಮ್ಮ ಮೊಹಲ್ಲಾದವರಿಗೆ ಗೊತ್ತಾಗುತ್ತದೆ. ಕೊಳ್ಳುವವರು ತಿರುಗಿಸಿ ನೋಡುವುದಿಲ್ಲ, ಅಷ್ಟೆ."

ಹುಡುಗ ಮುಂದಿನ ತಿಂಗಳು ಬೆಂಗಳೂರಿಗೆ ಹೊರಟಿದ್ದಾನೆ. ಅಲ್ಲಿ ಉಳಿದುಕೊಳ್ಳಲು ಒಂದು ಕೋಣೆಯನ್ನು ಹುಡುಕಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.